ಅಂಗಡಿಗೆ ಮಗನನ್ನು ಕಳಿಸಬೇಡಿ

ಉತ್ತರ ಕನ್ನಡದ ತದಡಿ ಬಂದರಿನಿಂದ ಸ್ವಲ್ಪ ದೂರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಯಿಂದ ಯಾರಾದರೂ ಒಬ್ಬರು ಬೋಟಿಗೆ ಹೋಗುತ್ತಾರೆ. ನಾನು ಘಟ್ಟದ ಮೇಲಿನವಳು. ಶಿರಸಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಮಕ್ಕಳು ತಂಬಾಕಿಗೆ ಕೈ ಹಾಕದಂತೆ ನೋಡಿಕೊಳ್ಳುವುದು, ಹಾಕಿದವರನ್ನು ಬಿಡಿಸುವುದು, ಈ ಕೆಲಸಕ್ಕೆ ನಾನು ಇಳಿದದ್ದು ಒಬ್ಬ ಹುಡುಗನ ಬಾಯಿಯ ಸ್ಥಿತಿ ನೋಡಿ. ಅವನ ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ಬಾಯಿಯ ಆರೋಗ್ಯದ ಬಗ್ಗೆ ಹೇಳುತ್ತಿದ್ದೆ. ದಂತ ತಪಾಸಣೆ ಶಿಬಿರವೊಂದರಲ್ಲಿ ಕಲಿತ ಸರಳ ಪರೀಕ್ಷೆ ನೆನಪಾಯಿತು. ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಡಬೇಕು. ಸಾಮಾನ್ಯವಾಗಿ ಎಲ್ಲರಿಗೂ ಹಿಡಿಸುತ್ತದೆ. ಕ್ಲಾಸಿನಲ್ಲಿ ಒಂದೇ ಗದ್ದಲ, ನಗು. ಹಿಂದಿನ ಬೆಂಚಿನ ಒಬ್ಬ ಮಾತ್ರ ಎರಡು ಬೆರಳಿಟ್ಟು ಸುಮ್ನೆ ಕೂತಿದ್ದ. ಮೂರನೆಯದು ಹೋಗಲಿಲ್ಲ.

ಶಾಲೆ ಬಿಟ್ಟ ಮೇಲೆ ಅವನನ್ನು ಕರೆದು ಕೇಳಿದೆ. "ಮೀನು ಸಾರು ಉಂಡರೆ ಬಾಯಿ ಉರಿಯುತ್ತಾ?"

"ಹೌದು ಅಕ್ಕೋರೇ. ಅಮ್ಮ ನಂಗೆ ಖಾರ ಹಾಕೋ ಮೊದಲೇ ತೆಗೆದಿಡ್ತಾಳೆ."

ಅಮ್ಮನಿಗೆ ಅದು ಹೊಟ್ಟೆಯ ಉಷ್ಣ ಅಂತ ಅನಿಸಿತ್ತು. ಕೆನ್ನೆಯ ಒಳಗಡೆ ಬಿಳಿಚಿ ಬಿಗಿದಿತ್ತು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಗೊತ್ತಾಯಿತು, ಅಡಿಕೆ ಮತ್ತು ತಂಬಾಕಿನ ಪೊಟ್ಟಣ ತಿಂದು ತಿಂದು ಒಳಪದರ ನಾರಿನ ಹಾಗೆ ಗಟ್ಟಿಯಾಗುತ್ತಿದೆ. ಬಿಟ್ಟರೆ ಅಲ್ಲಿಗೆ ನಿಲ್ಲಿಸಬಹುದು, ಮೊದಲಿನ ಹಾಗೆ ಪೂರ್ತಿ ಮೆತ್ತಗಾಗುವುದು ಕಷ್ಟ ಅಂದರು. ಮುಂದೆ ಅದು ಕ್ಯಾನ್ಸರಿಗೆ ತಿರುಗುವ ಭಯವೂ ಇದೆ. ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೂ ಮೊದಲು ನಾವೇನೂ ಮಾಡಿರಲಿಲ್ಲ ಅಂತಲ್ಲ. ಪ್ರತಿ ವರ್ಷ ಮೇ 31ರ ವಿಶ್ವ ತಂಬಾಕು ರಹಿತ ದಿನದ ಹೆಸರಿನಲ್ಲಿ ಜಾಥಾ, ಪ್ರಬಂಧ ಸ್ಪರ್ಧೆ, ಪ್ರತಿಜ್ಞೆ ಎಲ್ಲ ಇತ್ತು. ಕ್ಯಾನ್ಸರ್ ಆದ ಬಾಯಿಯ ಚಿತ್ರ ತೋರಿಸಿದರೆ ಹೆಣ್ಣುಮಕ್ಕಳು ಮುಖ ತಿರುಗಿಸುತ್ತಿದ್ದರು. ಗಂಡುಮಕ್ಕಳು, "ನಮ್ಮ ಅಜ್ಜ ಎಂಬತ್ತು ವರ್ಷದಿಂದ ಕವಳ (ಎಲೆ ಅಡಿಕೆ) ಹಾಕ್ತಾ ಇದ್ದ, ಎಂತದೂ ಆಗ್ಲಿಲ್ಲ" ಅನ್ನುತ್ತಿದ್ದರು. ಮಕ್ಕಳ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸುವುದು ಸುಲಭ. ಆದರೆ ಪೊಟ್ಟಣ ಮೊದಲ ಸಲ ಅವರ ಕೈಗೆ ಎಲ್ಲಿಂದ ಬಂತು ಅಂತ ನಾವು ಯಾರೂ ಕೇಳಿರಲೇ ಇಲ್ಲ.

ಈ ಹುಡುಗನನ್ನು ಕೇಳಿದೆ. ಅವನು ಕದ್ದಿರಲಿಲ್ಲ, ಗೆಳೆಯರೂ ಕೊಟ್ಟಿರಲಿಲ್ಲ. ಅಪ್ಪ ದಿನಾ ಸಂಜೆ, "ಹೋಗಿ ತಗೊಂಡು ಬಾ, ಉದ್ರಿ ಬರೆಸು" ಅಂತ ಕಳಿಸುತ್ತಿದ್ದ. ಐದು ತಂದರೆ ಒಂದು ಇವನ ಕಿಸೆಗೆ. ಆರನೇ ಕ್ಲಾಸಿನಿಂದ ಇದೇ ನಡೆದಿತ್ತು.

ಮರುದಿನ ಅಂಗಡಿಗೆ ಹೋದೆ. ಅಂಗಡಿ ನಡೆಸುವವರು ಒಬ್ಬ ವಯಸ್ಸಾದ ಹೆಂಗಸು. ನಾನು ಜಗಳಕ್ಕೆ ಹೋಗಿರಲಿಲ್ಲ, ಅವರಿಗೂ ಅದು ತಿಳಿಯಿತು ಅನಿಸುತ್ತದೆ. ಉದ್ರಿ ಪುಸ್ತಕ ಬಿಡಿಸಿ ತೋರಿಸಿದರು. ಎಣ್ಣೆ ಕಲೆಯ ಉದ್ದನೆಯ ನೋಟ್‌ಬುಕ್. ಒಂದೊಂದು ಮನೆಗೆ ಒಂದೊಂದು ಪುಟ. ಸಕ್ಕರೆ, ಚಾಪುಡಿ, ಬೆಂಕಿಪೆಟ್ಟಿಗೆ, ಅದರ ಕೆಳಗೆ ಬೀಡಿ, ಅದರ ಕೆಳಗೆ ಪೊಟ್ಟಣ. ಕೆಲವು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಮಗ', 'ಮಗಳು' ಅಂತ ಗುರುತು. ಆಮೇಲೆ ಲೆಕ್ಕದಲ್ಲಿ ತಕರಾರು ಬರಬಾರದು ಅಂತ ಯಾರು ಒಯ್ದರು ಎಂದು ಬರೆದಿಟ್ಟುಕೊಂಡಿದ್ದರು, ಅಷ್ಟೇ. ಬೀಡಿಯ ಸಾಲು, ಪೊಟ್ಟಣದ ಸಾಲುಗಳ ಮುಂದೆ ಆ ಗುರುತೇ ಜಾಸ್ತಿ. ನನ್ನ ಕ್ಲಾಸಿನ ಅರ್ಧ ಮಕ್ಕಳು ಆ ಪುಟಗಳಲ್ಲಿದ್ದರು.

ಕಾನೂನು ಇದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, 18 ತುಂಬದವರಿಗೆ ಕೊಡುವಂತಿಲ್ಲ. ನಮ್ಮ ರಾಜ್ಯದಲ್ಲಿ 2025ರಿಂದ ಆ ವಯಸ್ಸು 21 ಆಗಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಇನ್ನೂ ಬಿಗಿ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಗುಟ್ಕಾ 2013ರಲ್ಲೇ ನಿಷೇಧವಾಗಿದೆ, ಆದರೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಬರುತ್ತದೆ. ಎರಡನ್ನೂ ಅಂಗೈಯಲ್ಲಿ ಸುರಿದು ಕಲಸಿದರೆ ಮುಗಿಯಿತು. ಇದನ್ನೆಲ್ಲ ಅಂಗಡಿಯ ಅಮ್ಮನಿಗೆ ಹೇಳಿದೆ. "ಅಪ್ಪ ಕಳ್ಸಿದ್ದು ಅಂದ್ರೆ ನಾನು ಕೊಡೂದಿಲ್ಲ ಹೇಳೂದು ಹ್ಯಾಂಗೆ ಅಕ್ಕೋರೇ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಕಳಿಸುವವರನ್ನು ಬಿಟ್ಟು ಕೊಡುವವರನ್ನು ಮಾತ್ರ ಹಿಡಿದರೆ ಏನು ಪ್ರಯೋಜನ?

ಆ ಸಲದ ಪಾಲಕರ ಸಭೆಯಲ್ಲಿ ನಾವು ಮಕ್ಕಳ ಪ್ರತಿಜ್ಞೆ ಇಟ್ಟುಕೊಳ್ಳಲಿಲ್ಲ. ದೊಡ್ಡವರ ಹತ್ತಿರ ಒಂದೇ ಒಂದು ಕೇಳಿಕೊಂಡೆವು. ನೀವು ಬಿಡುತ್ತೀರೋ ಇಲ್ಲವೋ ಆಮೇಲೆ ನೋಡೋಣ. ಇವತ್ತಿನಿಂದ ಮಗನನ್ನಾಗಲಿ ಮಗಳನ್ನಾಗಲಿ ಬೀಡಿ, ಪೊಟ್ಟಣ, ತಂಬಾಕು ತರಲು ಕಳಿಸಬೇಡಿ. ಬೇಕಾದರೆ ನೀವೇ ಎದ್ದು ಹೋಗಿ. ಇದಕ್ಕೆ ಯಾರೂ ಇಲ್ಲ ಅನ್ನಲಿಲ್ಲ. ಸ್ವಸಹಾಯ ಸಂಘದ ಹೆಂಗಸರು ಇದನ್ನು ಮನೆಮನೆಗೆ ಒಯ್ದರು. ಅಂಗಡಿಯ ಅಮ್ಮನಿಗೂ ಆಗ ಧೈರ್ಯ ಬಂತು. "ಅಪ್ಪನ್ನೇ ಕಳ್ಸು" ಅಂತ ಮಕ್ಕಳನ್ನು ಬರಿಗೈಯಲ್ಲಿ ವಾಪಸ್ ಕಳಿಸತೊಡಗಿದರು. ಮಕ್ಕಳು ಟೇಪು ಹಿಡಿದು ಗೇಟಿನಿಂದ 100 ಗಜ, ಅಂದರೆ ಸುಮಾರು 91 ಮೀಟರ್ ಅಳೆದು ರಸ್ತೆಯಲ್ಲಿ ಹಳದಿ ಗೆರೆ ಎಳೆದರು. ಅಂಗಡಿ ಗೆರೆಯ ಒಳಗೇ ಇತ್ತು. ಪಂಚಾಯ್ತಿಯವರು ಬಂದು ಮಾತಾಡಿದ ಮೇಲೆ ಅಮ್ಮ ತಂಬಾಕಿನ ಸರ ಇಳಿಸಿದರು. ಆ ನಷ್ಟ ಅವರಿಗೆ ಸಣ್ಣದಲ್ಲ. ಅದಕ್ಕೇ ಶಾಲೆಯ ನೋಟ್‌ಬುಕ್ಕು, ಪೆನ್ನು ಅವರಲ್ಲೇ ತೆಗೆದುಕೊಳ್ಳಿ ಅಂತ ಮಕ್ಕಳಿಗೆ ಹೇಳುತ್ತಿರುತ್ತೇನೆ.

ಇನ್ನು ದೊಡ್ಡವರನ್ನು ಬಿಡಿಸುವ ವಿಷಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಗಂಡಸರು ಮನೆಯಲ್ಲಿರುತ್ತಾರೆ. ಬಿಡಿಸಲು ಇದೇ ಸಮಯ ಅಂದುಕೊಂಡೆ. ಮೊದಲ ವರ್ಷ ಲೆಕ್ಕ ತಪ್ಪಿತು. ಬೋಟಿನಲ್ಲಿ ನಿದ್ದೆ ತಡೆಯಲು ಹಾಕುತ್ತಿದ್ದವರು ಇಲ್ಲಿ ಹೊತ್ತು ಹೋಗದೆ ಹಾಕಿದರು. ಬಲೆ ರಿಪೇರಿಗೆ ಕೂತ ಗುಂಪಿನಲ್ಲಿ ಒಬ್ಬ ಬೀಡಿ ಹಚ್ಚಿದರೆ ಐದು ಜನ ಹಚ್ಚುತ್ತಿದ್ದರು. ಒಬ್ಬೊಬ್ಬರನ್ನೇ ಬಿಡಿಸಲು ಹೋಗಿ ಸೋತೆವು. ಎರಡನೇ ವರ್ಷ ಬಲೆಯ ಗುಂಪನ್ನೇ ಹಿಡಿದೆವು. ನಾನು, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಮೂವರೂ ವಾರಕ್ಕೆರಡು ಸಲ ಅಲ್ಲೇ ಹೋಗಿ ಕೂರುತ್ತಿದ್ದೆವು. ಒಟ್ಟಿಗೆ ಒಂದು ದಿನ ಗೊತ್ತು ಮಾಡಿ ಎಲ್ಲರೂ ಅವತ್ತೇ ನಿಲ್ಲಿಸಿದರು.

ಮೊದಲ ಮೂರು ದಿನ ತುಂಬಾ ಕಷ್ಟ. ಸಿಟ್ಟು, ತಲೆನೋವು, ನಿದ್ದೆ ಇಲ್ಲ. ಹೆಂಡತಿಯರಿಗೆ ಇದನ್ನು ಮೊದಲೇ ಹೇಳಿಟ್ಟಿದ್ದೆವು. ಈ ಸಿಟ್ಟು ನಿಮ್ಮ ಮೇಲಲ್ಲ, ನಿಕೋಟಿನ್ ಇಳಿಯುತ್ತಿದೆ, ತಡೆದುಕೊಳ್ಳಿ ಅಂತ. ಚಟ ಎದ್ದಾಗ ಅದು ಕೆಲವೇ ನಿಮಿಷದ್ದು, ಆಮೇಲೆ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿಯುವುದು, ದೀರ್ಘ ಉಸಿರು ತೆಗೆದುಕೊಳ್ಳುವುದು, ಎದ್ದು ನಾಲ್ಕು ಹೆಜ್ಜೆ ಓಡಾಡುವುದು. ಜಾಸ್ತಿ ಚಟ ಇದ್ದವರಿಗೆ ಡಾಕ್ಟರು ನಿಕೋಟಿನ್ ಗಮ್ ಬರೆದುಕೊಟ್ಟರು. ಇದನ್ನು ಅಗಿಯುವ ರೀತಿ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಚೂಯಿಂಗ್ ಗಮ್ ಹಾಗೆ ಅಗಿದರೆ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನ ನಾಲ್ಕು ಸಲ ಕಚ್ಚಿ, ಚುರುಚುರು ಅಂದ ಕೂಡಲೆ ಕೆನ್ನೆಯ ಬದಿಗೆ ಇಡಬೇಕು. ಚುರುಚುರು ನಿಂತ ಮೇಲೆ ಮತ್ತೆ ಕಚ್ಚಬೇಕು. ಚಹಾ ಕುಡಿದ ಕೂಡಲೇ ಹಾಕಿಕೊಂಡರೆ ಸರಿಯಾಗಿ ಹಿಡಿಯುವುದಿಲ್ಲ, ಒಂದು ಕಾಲು ಗಂಟೆ ಬಿಡಬೇಕು. ತಂಬಾಕಿನ ಪೊಟ್ಟಣದ ಮೇಲೇ ಇರುವ 1800-11-2356 ನಂಬರು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮ ಮುಂದೆ ಹೇಳಲು ನಾಚುತ್ತಿದ್ದವರು ಅಲ್ಲಿ ಬಿಚ್ಚಿ ಮಾತಾಡಿದರು.

ಒಂದು ವಿಷಯ ಬರೆಯಲು ನನಗೆ ಸಂಕಟ ಆಗುತ್ತದೆ. ಕೆಲವರು ತಂಬಾಕು ಬಿಟ್ಟು, "ಬರೀ ಅಡಿಕೆ ಹಾಕ್ತೆ, ಅದು ಅಡ್ಡಿಲ್ಲ ಅಲ್ವಾ?" ಅಂತ ಕೇಳಿದರು. ಅಡಿಕೆ ಮಾರಿದ ದುಡ್ಡಿನಲ್ಲೇ ನಾನು ಓದಿದ್ದು. ನಮ್ಮ ಮನೆಯಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ಕವಳದ ಬಟ್ಟಲು. ಅಜ್ಜನಿಗೆ ಎಲೆಗೆ ಸುಣ್ಣ ಹಚ್ಚಿ ಕೊಡುವುದು ಸಣ್ಣವಳಿದ್ದಾಗ ನನ್ನದೇ ಕೆಲಸ. ಆದರೂ ಕೇಳಿದವರಿಗೆ ಸುಳ್ಳು ಹೇಳಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹುಡುಗನ ಬಾಯಿ ಬಿಗಿದದ್ದಕ್ಕೂ ಮುಖ್ಯ ಕಾರಣ ಅಡಿಕೆಯೇ. ಊರಿಗೆ ಹೋದಾಗ ಇದನ್ನು ಹೇಳಿದರೆ ಮನೆಯವರಿಗೆ ಬೇಸರ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಬಲೆಯ ಗುಂಪಿಗೆ ನಾನು ಅಡಿಕೆಯ ಬದಲು ಏಲಕ್ಕಿ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಕೊಟ್ಟೆ.

ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ನಿಜವಾದ ಪರೀಕ್ಷೆ. ರಾತ್ರಿ ಬಲೆ ಬಿಟ್ಟು ಕಾಯುವ ಹೊತ್ತು, ಪಕ್ಕದವನು ಪೊಟ್ಟಣ ಹರಿಯುವ ಸದ್ದು. ಕೆಲವರು ಮೊದಲ ವಾರವೇ ಮತ್ತೆ ಶುರು ಮಾಡಿದರು. ಅವರಿಗೆ ನಾವು ಒಂದು ಮಾತೂ ಬೈಯಲಿಲ್ಲ. ಜಾರುವುದು ಈ ದಾರಿಯಲ್ಲಿ ಇದ್ದದ್ದೇ, ಮತ್ತೆ ಒಂದು ದಿನ ಗೊತ್ತು ಮಾಡಿದರಾಯಿತು. ಎಲ್ಲರೂ ಒಟ್ಟಿಗೆ ಬಿಟ್ಟ ಒಂದು ಬೋಟಿನವರು ಮಾತ್ರ ಹೆಚ್ಚು ದಿನ ನಿಂತರು.

ಆ ಹುಡುಗನ ಅಪ್ಪ ಗಣೇಶ ಹಬ್ಬದ ಹೊತ್ತಿಗೆ ಜಾರಿದ, ದೀಪಾವಳಿಗೆ ಮತ್ತೆ ಬಿಟ್ಟ. ಈಗ ಬಿಟ್ಟೇ ಇದ್ದಾನೆ. ಹುಡುಗ ಹತ್ತನೇ ಕ್ಲಾಸು. ಡಾಕ್ಟರು ಹೇಳಿದ ಬಾಯಿ ತೆರೆಯುವ ವ್ಯಾಯಾಮವನ್ನು ದಿನಾ ಕನ್ನಡಿ ಮುಂದೆ ನಿಂತು ಮಾಡುತ್ತಾನಂತೆ. ಮೊನ್ನೆ ಸ್ಟಾಫ್ ರೂಮಿಗೆ ಬಂದು ತೋರಿಸಿದ. ಎರಡು ಬೆರಳು ಸಲೀಸು, ಮೂರನೆಯದರ ತುದಿ ಮಾತ್ರ. ಸಾರಿಗೆ ಅಮ್ಮ ಈಗ ಸ್ವಲ್ಪ ಖಾರ ಹಾಕುತ್ತಾಳೆ ಅಂದ. ಮುಂದಿನ ತಿಂಗಳು ಮತ್ತೆ ಡಾಕ್ಟರಿಗೆ ತೋರಿಸಬೇಕು.