ಹಳೆ ಬೆಲ್ಟು, ಹಲಗೆ ತುಂಡು: ಚಾಕು ಮಸೆಯುವ ಪಟ್ಟಿ ಮನೆಯಲ್ಲೇ ಮಾಡಿ

ಮಿರ್ಚಿಗೆ ಮೆಣಸಿನಕಾಯಿ ಸೀಳಬೇಕು, ಮಂಡಕ್ಕಿಗೆ ಟೊಮೆಟೊ ಸಣ್ಣಗೆ ಹೆಚ್ಚಬೇಕು. ನಮ್ಮ ದಾವಣಗೆರೆ ಮನೆಗಳಲ್ಲಿ ಚಾಕುವಿಗೆ ಬಿಡುವೇ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಟೊಮೆಟೊ ಸಿಪ್ಪೆ ಮೇಲೆ ಜಾರುತ್ತದೆ. ಸಾಣೆ ಕಲ್ಲಿಗೆ ಉಜ್ಜಿದ್ದೇವಲ್ಲ ಅಂತಾರೆ. ಉಜ್ಜಿದಾಗ ಬಾಯಿಯ ಉದ್ದಕ್ಕೂ ಲೋಹದ ತೆಳು ತರಿ ಏಳುತ್ತದೆ, ಬೆನ್ನಿನಿಂದ ಬಾಯಿ ಕಡೆಗೆ ಬೆರಳು ಮೆಲ್ಲಗೆ ಸರಿಸಿದರೆ ಕೊನೆಯಲ್ಲಿ ತಡೆಯುತ್ತದೆ. ಅದನ್ನು ತೆಗೆಯದಿದ್ದರೆ ಹರಿತ ನಿಲ್ಲುವುದಿಲ್ಲ. ತೆಗೆಯುವುದಕ್ಕೇ ಈ ಚರ್ಮದ ಪಟ್ಟಿ. ಹಿಂದೆ ಕ್ಷೌರದ ಅಂಗಡಿಗಳಲ್ಲಿ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆಯುತ್ತಿದ್ದದ್ದು ಬಾಯಿ ನಯವಾಗಲಿ ಅಂತಲೇ.

ಒಂದಡಿ ಉದ್ದ, ಎರಡಿಂಚು ಅಗಲದ ಸಮತಟ್ಟು ಹಲಗೆ ಸಾಕು. ಬಡಗಿಯ ಹತ್ತಿರ ಪ್ಲೈವುಡ್ ತುಂಡು ಸಿಗುತ್ತದೆ. ಚರ್ಮ ಮಾತ್ರ ನಿಜವಾದದ್ದೇ ಇರಲಿ, ರೆಕ್ಸಿನ್ ಬೇಡವೇ ಬೇಡ. ಹಳೆ ಬೆಲ್ಟಾದರೆ ಹೊಲಿಗೆ ಬಿಚ್ಚಿ, ಒರಟು ಮೈ ಮೇಲೆ ಬರುವಂತೆ ಅಂಟಿಸಿ. ಚಪ್ಪಲಿಗೆ ಹಚ್ಚುವ ಹಳದಿ ಗಮ್ಮನ್ನು ಎರಡೂ ಕಡೆ ಸವರಿ, ಹತ್ತು ನಿಮಿಷ ಒಣಗಿದ ಮೇಲೆ ಒತ್ತಿ, ರಾತ್ರಿಯಿಡೀ ಭಾರ ಹೇರಿ. ಮೇಲೆ ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಕಡ್ಡಿಯನ್ನು ಬಳಪದ ಹಾಗೆ ಉಜ್ಜಿ, ತೆಳ್ಳಗೆ ಸಾಕು. ಅದರಲ್ಲಿರುವುದು ಕ್ರೋಮಿಯಂ ಆಕ್ಸೈಡ್ ಪುಡಿ. ಟೂತ್‌ಪೇಸ್ಟ್ ಹಚ್ಚುವವರಿದ್ದಾರೆ, ಚರ್ಮ ಒಣಗಿ ಗಟ್ಟಿಯಾಗುತ್ತದೆ ಅಷ್ಟೇ.

ಇನ್ನು ಎಳೆಯುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಚಾಕುವಿನ ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಬರಬೇಕು. ಉಲ್ಟಾ ಮಾಡಿದರೆ ಚರ್ಮವೇ ಕತ್ತರಿಸಿ ಹೋಗುತ್ತದೆ. ಕಲ್ಲಿಗೆ ಹಿಡಿದ ಓರೆಯೇ ಇಲ್ಲೂ ಇರಲಿ, ಅಡುಗೆ ಚಾಕುವಿಗೆ 15ರಿಂದ 20 ಡಿಗ್ರಿ. ಓರೆ ಗೊತ್ತಾಗದಿದ್ದರೆ ಬಾಯಿಯಂಚಿಗೆ ಸ್ಕೆಚ್ ಪೆನ್ ಬಳಿದು ಎರಡು ಸಲ ಎಳೆದು ನೋಡಿ. ತುತ್ತತುದಿಯ ಬಣ್ಣ ಹಾಗೇ ಉಳಿದಿದ್ದರೆ ಬೆನ್ನನ್ನು ಒಂಚೂರು ಎತ್ತಿ.

ನಮ್ಮ ಪಕ್ಕದ ಮನೆಯ ಅಕ್ಕ ಮೊನ್ನೆ ಒಂದು ಗಂಟೆ ಎಳೆದರು, ಚಾಕು ಇನ್ನೂ ಮೊಂಡಾಯಿತು. ಕೂತು ಗಮನಿಸಿದೆ. ಪಟ್ಟಿಯ ಕೊನೆಗೆ ಬಂದಾಗಲೆಲ್ಲ ಮಣಿಕಟ್ಟು ತಿರುವಿ ಚಾಕು ಎತ್ತುತ್ತಿದ್ದರು. ಆ ಒಂದು ತಿರುವಿನಲ್ಲೇ ಬಾಯಿ ದುಂಡಗಾಗುತ್ತದೆ. ಪಟ್ಟಿ ಮುಗಿಯುವ ಮುಂಚೆ ನಿಲ್ಲಿಸಿ, ಹಾಗೇ ನೇರ ಎತ್ತಿ, ಆಮೇಲೆ ಬೆನ್ನಿನ ಮೇಲೆ ಮಗುಚಿ ಇನ್ನೊಂದು ಕಡೆ ಎಳೆಯಿರಿ. ಒತ್ತಬೇಡಿ, ಜಾಸ್ತಿ ಒತ್ತಿದರೆ ಚರ್ಮ ತಗ್ಗಿ ಬಾಯಿಯ ಸುತ್ತ ಮೇಲೇಳುತ್ತದೆ, ಮತ್ತೆ ಅದೇ ದುಂಡು. ಚಾಕುವಿನ ಭಾರವೇ ಸಾಕು. ಒಂದೊಂದು ಕಡೆಗೆ 15 ಸಲ.

ಪೂರ್ತಿ ಮೊಂಡಾದ ಚಾಕುವಿಗೆ ಇದರಿಂದ ಪ್ರಯೋಜನವಿಲ್ಲ, ಮೊದಲು ಕಲ್ಲೇ ಬೇಕು. ಸಂದಿಯಲ್ಲಿ ಎಳೆಯುವ ಅಗ್ಗದ ಪ್ಲಾಸ್ಟಿಕ್ ಸಾಣೆ ಮಾತ್ರ ತರಬೇಡಿ, ಅದು ಬಾಯಿಯನ್ನು ಕಿತ್ತು ತಿನ್ನುತ್ತದೆ. ಬಳಸಿ ಆದ ಮೇಲೆ ಚಾಕು ತೊಳೆದು ಒರೆಸಿ, ಹಸಿರು ಪುಡಿ ತರಕಾರಿಗೆ ಹತ್ತಬಾರದು. ಆಮೇಲೆ ಟೊಮೆಟೊ ಮೇಲೆ ಸುಮ್ನೆ ಇಟ್ಟು ಎಳೆದು ನೋಡಿ, ಒತ್ತದೆಯೇ ಸಿಪ್ಪೆ ಬಿಟ್ಟುಕೊಳ್ಳಬೇಕು.