ಟೈರ್‌ಗೆ ಬಿದ್ದ ಏಟನ್ನು ಒಳಗಿನಿಂದ ನೋಡಬೇಕು

ಮೊಳೆ ಕಿತ್ತು, ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿ, ಗಾಳಿ ತುಂಬಿದರೆ ಪಂಚರ್ ಕೆಲಸ ಮುಗಿಯಿತು ಎಂದು ತುಂಬ ಜನ ನಂಬಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ವಸ್ತುವಿನಿಂದ ಪೆಟ್ಟು ತಿಂದ ಟ್ಯೂಬ್‌ಲೆಸ್ ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಮೈ ನೋಡುವವರೆಗೆ, ಅದು ಓಡಿಸಲು ಯೋಗ್ಯ ಎಂದು ಯಾರಿಗೂ ಹೇಳುವುದಿಲ್ಲ.

ನಮ್ಮ ಹೆದ್ದಾರಿಗಳಲ್ಲಿ ಟೈರ್ ಹಾಳುಮಾಡುವ ವಸ್ತುಗಳು ಎರಡು ಬಗೆ. ಮೊಳೆ, ಸ್ಕ್ರೂ, ಕಟ್ಟಡ ಕೆಲಸದ ಬೈಂಡಿಂಗ್ ವೈರ್, ಟಿಪ್ಪರ್‌ನಿಂದ ಉದುರಿದ ಚೂಪು ಜಲ್ಲಿ ಇವೆಲ್ಲ ಟ್ರೆಡ್ಡನ್ನು, ಅಂದರೆ ರಸ್ತೆಗೆ ತಾಗುವ ಮೈಯನ್ನು, ಚುಚ್ಚುತ್ತವೆ. ಮುಂದಿನ ಗಾಲಿ ಮಲಗಿದ ಮೊಳೆಯನ್ನು ಎಬ್ಬಿಸುತ್ತದೆ, ಅದು ಹಿಂದಿನ ಗಾಲಿಗೆ ಹೊಕ್ಕುತ್ತದೆ. ಹಿಂದಿನ ಟೈರ್ ಹೆಚ್ಚು ಪಂಚರ್ ಆಗುವುದು ಹೀಗೆ. ಮಳೆಯಲ್ಲಿ ಒದ್ದೆ ರಬ್ಬರ್ ಸುಲಭವಾಗಿ ಕೊಯ್ದುಹೋಗುತ್ತದೆ, ಆಗ ಪಂಚರ್ ಇನ್ನೂ ಜಾಸ್ತಿ.

ಎರಡನೆಯ ಬಗೆ ಇದಕ್ಕಿಂತ ಅಪಾಯ. ಕೆಟ್ಟು ನಿಂತ ಲಾರಿಯ ಗಾಲಿಗೆ ಕೊಟ್ಟು, ಹೊರಡುವಾಗ ಅಲ್ಲೇ ಬಿಟ್ಟುಹೋದ ದಪ್ಪ ಕಲ್ಲು. ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಪೈರಿನ ಸುತ್ತ ಇಟ್ಟ ಕಲ್ಲು. ಇವುಗಳ ಮೇಲೆ ವೇಗದಲ್ಲಿ ಹತ್ತಿದರೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಕಲ್ಲಿಗೂ ರಿಮ್ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲಿನ ಎಳೆಗಳು ತುಂಡಾಗುತ್ತವೆ, ಹೊರಗಿನ ರಬ್ಬರ್ ಮಾತ್ರ ಚೆನ್ನಾಗೇ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ಅಲ್ಲಿ ಉಬ್ಬು ಏಳುತ್ತದೆ. ಆ ಉಬ್ಬಿಗೆ ಯಾವ ರಿಪೇರಿಯೂ ಇಲ್ಲ, ಟೈರ್ ಬದಲಿಸಲೇಬೇಕು. ಗಾಳಿ ಕಡಿಮೆ ಇದ್ದಷ್ಟೂ ಈ ಜಜ್ಜುವಿಕೆ ಸುಲಭ. ಲಾರಿ ಟೈರಿನಿಂದ ಕಿತ್ತುಬಂದ ರಬ್ಬರ್ ಪಟ್ಟಿಯನ್ನೂ ಹಗುರವಾಗಿ ಎಣಿಸಬೇಡಿ. ಅದರಲ್ಲಿ ಉಕ್ಕಿನ ತಂತಿ ಇದ್ದರೆ ಸೈಡ್‌ವಾಲ್ ಸೀಳುತ್ತದೆ, ಮೇಲೆ ಹಾರಿದರೆ ಬ್ರೇಕ್ ಹೋಸ್‌ಗೂ ಹೊಡೆಯುತ್ತದೆ.

ಏಟು ಬಿದ್ದ ಕ್ಷಣ ಬ್ರೇಕ್ ಒತ್ತಿ ಹಿಡಿಯಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ಎಡಕ್ಕೆ ಬನ್ನಿ. ಮೊಳೆ ಕಂಡರೂ ಅಲ್ಲೇ ಕೀಳಬೇಡಿ, ಅದೇ ಬಿರಡೆಯಾಗಿ ಗಾಳಿ ತಡೆದಿರುತ್ತದೆ. 12 ವೋಲ್ಟ್ ಪಂಪ್‌ನಿಂದ ಗಾಳಿ ತುಂಬಿ, ಗಾಳಿ ಇಳಿಯದೆ ನಿಂತರೆ ಹತ್ತಿರದ ಅಂಗಡಿಗೆ ನಿಧಾನವಾಗಿ ಹೋಗಬಹುದು. ಪೂರ್ತಿ ಗಾಳಿ ಹೋಗಿದ್ದರೆ ಮಾತ್ರ ಒಂದು ಫರ್ಲಾಂಗ್ ಕೂಡ ಓಡಿಸಬೇಡಿ, ಸ್ಟೆಪ್ನಿ ಹಾಕಿ. ಜ್ಯಾಕ್ ಏರಿಸುವ ಮೊದಲೇ, ಗಾಲಿ ನೆಲಕ್ಕೆ ತಾಗಿರುವಾಗಲೇ ನಟ್‌ಗಳನ್ನು ಸಡಿಲಿಸಿಕೊಳ್ಳಿ. ಸ್ಟೆಪ್ನಿ ತೆಳು ಗಾಲಿಯಾಗಿದ್ದರೆ ಅದರ ಮೇಲೆ ಬರೆದ ಮಿತಿ ದಾಟಬಾರದು, ಸಾಮಾನ್ಯವಾಗಿ ಅದು ಗಂಟೆಗೆ 80 ಕಿ.ಮೀ.

ಟೈರ್ ಅಂಗಡಿಗೆ ಬಂದ ಮೇಲೆ ಮೊದಲು ಸುಮಾರು 35 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ ಸೋಪಿನ ನೀರು ಹಾಕುತ್ತೇನೆ. ಟ್ರೆಡ್ಡಿಗೆ ಮಾತ್ರ ಸಾಲದು. ವಾಲ್ವ್ ಬುಡ, ವಾಲ್ವ್ ಪಿನ್, ರಿಮ್‌ಗೆ ಟೈರ್ ಕೂರುವ ಬೀಡ್‌ನ ಎರಡೂ ಸುತ್ತು, ಎಲ್ಲಕ್ಕೂ ಹಾಕಬೇಕು. ಕೆಲವೊಮ್ಮೆ ಒಂದೇ ಏಟಿಗೆ ಟ್ರೆಡ್ ತೂತಾಗಿ ರಿಮ್ ಕೂಡ ಬಾಗಿರುತ್ತದೆ. ತೂತು ಮುಚ್ಚಿದರೂ ಗಾಳಿ ಇಳಿಯುತ್ತಿದ್ದರೆ ಬೀಡ್ ಹತ್ತಿರ ನೋಡಿ, ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿರುತ್ತವೆ.

ಸೋರುವ ಜಾಗಕ್ಕೂ, ವಾಲ್ವ್ ನೇರಕ್ಕಿರುವ ಟೈರ್ ಭಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ ಬಿಚ್ಚುತ್ತೇನೆ. ಬೆಳಕು ಹಿಡಿದು ಒಳಮೈ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಸೈಡ್‌ವಾಲ್‌ನ ಒಳಬದಿಯಲ್ಲಿ ಸುತ್ತಲೂ ಸುಕ್ಕಿನ ಗೆರೆ ಎದ್ದಿದ್ದರೆ, ಗಾಳಿ ಇಲ್ಲದೆ ಓಡಿಸಿದ್ದಾರೆ ಎಂದೇ ಅರ್ಥ. ಅಂಥ ಟೈರಿನ ತೂತು ಎಷ್ಟೇ ಸಣ್ಣದಿರಲಿ, ಅದು ಗುಜರಿಗೆ. ಒಳಗೆ ಕೈ ಸವರುವಾಗ ಕೈಗವಸು ಇರಲಿ, ಉಕ್ಕಿನ ತಂತಿ ಚುಚ್ಚುತ್ತದೆ.

ಕಾರಿನ ಟೈರಿನಲ್ಲಿ ರಿಪೇರಿಗೆ ಮಿತಿ ಇದು: ತೂತು 6 ಮಿ.ಮೀ. ಒಳಗಿರಬೇಕು, ಟ್ರೆಡ್ಡಿನ ನಡುಭಾಗದಲ್ಲೇ ಇರಬೇಕು. ಅಂಚಿನ ಭಾಗ, ಸೈಡ್‌ವಾಲ್ ಮುಟ್ಟುವುದಿಲ್ಲ. ಓಡುವಾಗ ಅವು ಮಡಚಿ ಬಿಚ್ಚಿ ಮಾಡುತ್ತಲೇ ಇರುತ್ತವೆ, ಪ್ಯಾಚ್ ನಿಲ್ಲದು. ಟ್ರೆಡ್ 1.6 ಮಿ.ಮೀ.ಗೆ ಸವೆದ ಟೈರಿಗೆ ಪಂಚರ್ ಹಾಕುವುದೇ ವ್ಯರ್ಥ.

ನಾನು ಹಾಕುವುದು ಮಶ್ರೂಮ್ ಪ್ಯಾಚ್. ಅದು ಅಣಬೆಯ ಹಾಗಿರುತ್ತದೆ: ಕೊಡೆ ಟೈರಿನ ಒಳಮೈಗೆ ಅಂಟುತ್ತದೆ, ಕಾಂಡ ತೂತನ್ನು ತುಂಬುತ್ತದೆ. ಹೊರಗಿನಿಂದ ಹಾಕುವ ಸ್ಟ್ರಿಪ್ ದಾರಿಯಲ್ಲಿ ಪಾರಾಗಲು ಸಾಕು, ಆದರೆ ಒಳಪದರ ಮುಚ್ಚುವುದಿಲ್ಲ. ತೂತಿನ ದಾರಿಯಲ್ಲಿ ನೀರು ಇಳಿದರೆ ಟ್ರೆಡ್ ಕೆಳಗಿನ ಉಕ್ಕಿನ ತಂತಿಯ ಪದರ, ಅಂದರೆ ಸ್ಟೀಲ್ ಬೆಲ್ಟ್, ತುಕ್ಕು ಹಿಡಿಯುತ್ತದೆ, ಕೊನೆಗೆ ಟ್ರೆಡ್ ಬಿಟ್ಟುಕೊಳ್ಳುತ್ತದೆ. ಮೊಳೆ ಹೊಕ್ಕ ಓರೆಯಲ್ಲೇ ಕಟ್ಟರ್ ಬಿಟ್ಟು ತೂತನ್ನು ಸ್ವಚ್ಛ ಮಾಡುತ್ತೇನೆ. ನೇರವಾಗಿ ಬಲವಂತದಿಂದ ಕೊರೆದರೆ ಚೆನ್ನಾಗಿದ್ದ ತಂತಿಗಳೂ ತುಂಡಾಗುತ್ತವೆ. ಒಳಮೈಯನ್ನು ಕ್ಲೀನರ್‌ನಿಂದ ಒರೆಸಿ, ಪ್ಯಾಚ್‌ಗಿಂತ ಸ್ವಲ್ಪ ಅಗಲಕ್ಕೆ ನಿಧಾನ ವೇಗದಲ್ಲಿ ಬಫಿಂಗ್ ಮಾಡಿ, ಅಂದರೆ ಉಜ್ಜಿ ಒರಟು ಮಾಡಿ, ಪುಡಿ ತೆಗೆದು, ಅಂಟಿಸುವ ಸಲ್ಯೂಷನ್ ತೆಳ್ಳಗೆ ಹಚ್ಚುತ್ತೇನೆ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಸಲ್ಯೂಷನ್ ಒದ್ದೆ ಇರುವಾಗ ಅಂಟಿಸಿದರೆ ಆವಿ ಒಳಗೇ ಉಳಿದು ಪ್ಯಾಚ್ ಏಳುತ್ತದೆ. ಬೆರಳಿನ ಹಿಂಭಾಗಕ್ಕೆ ತುಸು ಜಿಗುಟು ಅನ್ನಿಸುವವರೆಗೆ ಕಾಯಬೇಕು, ಮಳೆಗಾಲದಲ್ಲಿ ಇನ್ನಷ್ಟು ಹೊತ್ತು. ಆಮೇಲೆ ಕಾಂಡವನ್ನು ಹೊರಗೆ ಎಳೆದು, ನಡುವಿನಿಂದ ಅಂಚಿನತ್ತ ರೋಲರ್ ಒತ್ತಿ, ಹೊರಗಿನ ಬಾಲವನ್ನು ಟ್ರೆಡ್ ಮಟ್ಟದಿಂದ ತುಸು ಮೇಲೆ ಕತ್ತರಿಸುತ್ತೇನೆ. ಎಳೆದು ಹಿಗ್ಗಿಸಿ ಕತ್ತರಿಸಬಾರದು. ದ್ರವ ಸೀಲೆಂಟ್ ಸುರಿದಿದ್ದ ಟೈರಾದರೆ ಮೊದಲು ಪೂರ್ತಿ ತೊಳೆಯಬೇಕು, ಇಲ್ಲದಿದ್ದರೆ ಪ್ಯಾಚ್ ಅಂಟುವುದಿಲ್ಲ.

ಕಬ್ಬಿಣದ ರಿಮ್ ಅಂಚು ಸ್ವಲ್ಪ ಬಾಗಿದ್ದರೆ ಸರಿಮಾಡಬಹುದು. ಅಲಾಯ್ ರಿಮ್ಮಿನಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ಬೇಡ, ಬದಲಿಸಿ. ಜೋಡಿಸಿದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. ಗಾಡಿ ಒಂದು ಕಡೆ ಎಳೆದರೆ ಅಲೈನ್‌ಮೆಂಟ್ ಕೂಡ. ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ಎಷ್ಟು ಬಿಗಿ ಎನ್ನುವುದು ಗಾಡಿಯ ಪುಸ್ತಕದಲ್ಲಿದೆ, ಸಣ್ಣ ಕಾರುಗಳಲ್ಲಿ ಬಹುತೇಕ 100 ನ್ಯೂಟನ್ ಮೀಟರ್ ಆಸುಪಾಸು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಸಾಮಾನ್ಯ ವಿಮೆಯಲ್ಲಿ ಬರೀ ಟೈರ್ ಹಾಳಾದರೆ ಹಣ ಸಿಗದು. ಅದೇ ಘಟನೆಯಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಟೈರ್ ಬೆಲೆಯ ಅರ್ಧದವರೆಗೆ ಮಾತ್ರ. ಟೈರ್‌ಗೆಂದೇ ಪ್ರತ್ಯೇಕ ಕವರ್ ತೆಗೆದುಕೊಂಡಿದ್ದರೆ ಅದರ ಷರತ್ತು ಬೇರೆ. ಹೆದ್ದಾರಿಯಲ್ಲಿ ಕಲ್ಲು ಅಥವಾ ಟೈರ್ ಪಟ್ಟಿ ಬಿದ್ದಿದ್ದನ್ನು ಕಂಡರೆ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನು ತಿಳಿಸಿ.