ಭೀಮಾ ನೆರೆಯಲ್ಲಿ ಒಂದೇ ಲಿಂಕ್, ನಾಲ್ಕು ಪಡೆ: ಸೇನೆ–ನಾಗರಿಕ ಸಂಪರ್ಕ ಜಾಲದ ಹಂಚಿಕೆ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ ಜಿಲ್ಲೆಗೆ ಎನ್‌ಡಿಆರ್‌ಎಫ್ ಜೊತೆ ಸೇನೆಯೂ ಬಂದಿತ್ತು. ಅಂಥ ಹೊತ್ತಿನಲ್ಲಿ ಕರೆಂಟ್ ಹೋಗಿ ಟವರ್‌ಗಳು ನಿಂತರೆ ಹೊಳೆದಂಡೆಯ ಊರುಗಳಿಗೆ ಉಳಿಯುವುದು ಉಪಗ್ರಹದ ಮೂಲಕ ನಡೆಯುವ ಒಂದು ವಿಸ್ಯಾಟ್ ಲಿಂಕ್, ಕೆಲವು ವಿಎಚ್‌ಎಫ್ ವೈರ್‌ಲೆಸ್ ಸೆಟ್. ಅದನ್ನು ಪೊಲೀಸ್, ಅಗ್ನಿಶಾಮಕ, ಎನ್‌ಡಿಆರ್‌ಎಫ್, ಸೇನೆ ಎಂದು ಸಮಪಾಲು ಮಾಡಿದರೆ ಯಾರಿಗೂ ಸಾಲದು. ಪಾಲು ಸಂದೇಶದ ತುರ್ತನ್ನು ನೋಡಿ ಕೊಡಬೇಕು. ಜಿಲ್ಲಾಧಿಕಾರಿಯ ಫೋನಿನ ಮಾಮೂಲಿ ವರದಿಗಿಂತ ದೋಣಿಯಿಂದ ಬಂದ ಕೂಗು ಮುಂದೆ ಹೋಗಬೇಕು.

ಮಳೆಗಾಲಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಮಾಹಿತಿ, ಯಾರಿಂದ, ಯಾರಿಗೆ, ಎಷ್ಟು ಹಳತಾದರೂ ನಡೆಯುತ್ತದೆ. ಭೀಮೆಯ ಮೇಲಿನ ಸೊನ್ನ ಬ್ಯಾರೇಜಿನ ಹೊರಹರಿವು ಎಲ್ಲರಿಗೂ ಬೇಕು, ಗಂಟೆಗೊಮ್ಮೆ ಸಾಕು. ದೋಣಿ ಎಲ್ಲಿದೆ ಎಂಬುದು ಅರ್ಧ ನಿಮಿಷಕ್ಕೊಮ್ಮೆ ಬೇಕು, ಆದರೆ ಎಲ್ಲರಿಗೂ ಅಲ್ಲ. ಈ ಹಾಳೆಯಲ್ಲಿ ಇಲ್ಲದ ಮಾಹಿತಿಯನ್ನು ಲಿಂಕ್‌ಗೆ ಬಿಡಬೇಡಿ.

1 ಎಂಬಿಪಿಎಸ್ (ಸೆಕೆಂಡಿಗೆ ಸಾವಿರ ಕಿಲೋಬಿಟ್, ಅಂದರೆ 1000 ಕೆಬಿಪಿಎಸ್) ಲಿಂಕ್ ಇದ್ದರೆ ರೂಟರ್‌ನಲ್ಲಿ ಮಿತಿಯನ್ನು 900 ಕೆಬಿಪಿಎಸ್‌ಗೆ ಇಳಿಸಿ. ಪೂರ್ತಿ ಬಿಟ್ಟರೆ ಕಾಯುವ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಸಾಲು ಮೋಡೆಮ್ ಒಳಗೆ ಬೆಳೆಯುತ್ತದೆ. ಅಲ್ಲಿ ನಿಮ್ಮ ಆದ್ಯತೆಯ ನಿಯಮ ನಡೆಯದು. ಧ್ವನಿಗೆ 256, ಸ್ಥಾನ ಮತ್ತು ಪಠ್ಯ ಸಂದೇಶಕ್ಕೆ 128, ಫೋಟೊ–ನಕಾಶೆಗೆ 384, ಉಳಿದ 132 ಹಾಳೆಯಲ್ಲಿರುವ ಬೇರೆಲ್ಲದಕ್ಕೆ. ಖಾಲಿ ಇದ್ದಾಗ ಫೋಟೊದವರು ಬೇರೆಯವರ ಪಾಲನ್ನು ಬಳಸಲಿ, ಆದರೆ ಧ್ವನಿಗೆ ಮೇಲ್ಮಿತಿ ಇರಲೇಬೇಕು. ಇಲ್ಲದಿದ್ದರೆ ಕರೆಗಳೇ ಲಿಂಕ್ ನುಂಗುತ್ತವೆ. ಜಿ.729 ಎಂಬ ಕೋಡೆಕ್‌ನ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ಒಂದು ಕರೆಗೆ ಪ್ಯಾಕೆಟ್‌ನ ವಿಳಾಸದ ಭಾಗವಾದ ಹೆಡರ್ ಸೇರಿ ಸುಮಾರು 30 ಕೆಬಿಪಿಎಸ್, ಅಂದರೆ ಎಂಟು ಕರೆ. ಕುಗ್ಗಿಸದ ಜಿ.711 ಇಟ್ಟರೆ ಎರಡು–ಮೂರು ಕರೆಗೇ ಮುಗಿಯಿತು.

ಧ್ವನಿ ಪ್ಯಾಕೆಟ್‌ಗೆ ಆದ್ಯತೆ ತೋರಿಸುವ ಡಿಎಸ್‌ಸಿಪಿ 46 ಗುರುತು ಹಾಕಿದರೆ ಮುಗಿಯಲಿಲ್ಲ. ನಡುವಿನ ಸ್ವಿಚ್ ಅದನ್ನು ಸೊನ್ನೆ ಮಾಡುವುದುಂಟು. ಆಚೆ ತುದಿಯಲ್ಲಿ ಪ್ಯಾಕೆಟ್ ಹಿಡಿದು ನೋಡಿ. ಫೋನಿನ 4 ಎಂಬಿ ಫೋಟೊ, ಬೇರೆಯವರ ಪಾಲೂ ಸಿಕ್ಕಿ 512 ಕೆಬಿಪಿಎಸ್ ಆದಾಗಲೂ, ಒಂದು ನಿಮಿಷಕ್ಕೂ ಹೆಚ್ಚು ತಿನ್ನುತ್ತದೆ, 100 ಕೆಬಿಗೆ ಇಳಿಸಿದರೆ ಎರಡು ಸೆಕೆಂಡ್ ಕೂಡ ಬೇಡ. ನಕಾಶೆಗಳನ್ನು ಮೊದಲೇ ಟ್ಯಾಬ್‌ಗೆ ಇಳಿಸಿಡಿ.

ಲಿಂಕ್ ಸರಿ ಇದ್ದೂ ಕೆಲಸ ಕೆಡುವುದು ಅಂಕಿಗಳಲ್ಲಿ. ಕಲಬುರಗಿ ನಗರದ ಅಕ್ಷಾಂಶ 17.33 ಡಿಗ್ರಿ. ಅದನ್ನೇ ಒಬ್ಬರು 17 ಡಿಗ್ರಿ 33 ನಿಮಿಷ ಎಂದು ಓದಿಕೊಂಡರೆ ದೋಣಿ ಸುಮಾರು 24 ಕಿಲೋಮೀಟರ್ ಉತ್ತರಕ್ಕೆ ಹೋಗುತ್ತದೆ. ದಶಮಾಂಶ ಡಿಗ್ರಿ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಮಾನಕ, ದಶಮಾಂಶದ ನಂತರ ನಾಲ್ಕು ಸ್ಥಾನ: ಇದೊಂದೇ ರೂಪ ಎಂದು ಎಲ್ಲ ಫಾರ್ಮ್‌ಗಳಲ್ಲೂ ಅಚ್ಚು ಹಾಕಿಸಿ. ಸಮಯಕ್ಕೂ ಇದೇ ಮಾತು. ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯ) ಬರೆದದ್ದನ್ನು ನಮ್ಮ ಗಡಿಯಾರದಲ್ಲಿ ಓದಿದರೆ ಐದೂವರೆ ಗಂಟೆ ತಪ್ಪು. ನೀರನ್ನು ಕ್ಯುಸೆಕ್‌ನಲ್ಲೇ ಹೇಳಿ. ಒಂದು ಕ್ಯುಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್) ಎಂದರೆ 35.3 ಕ್ಯುಸೆಕ್ (ಸೆಕೆಂಡಿಗೆ ಘನ ಅಡಿ). ಊರಿನ ಹೆಸರಿನ ಜೊತೆ ತಾಲೂಕು ಮತ್ತು ಎಲ್‌ಜಿಡಿ ಕೋಡ್ (ಸರ್ಕಾರ ಪ್ರತಿ ಊರಿಗೆ ಕೊಟ್ಟ ಸಂಖ್ಯೆ) ಬೇಕೇ ಬೇಕು. ಕಲ್ಲೂರು ಎಂದರೆ ಯಾವ ಕಲ್ಲೂರು? ಹೊರಗಿನಿಂದ ಬಂದ ಯೋಧರಿಗೆ ಹೇಗೆ ಗೊತ್ತಾಗಬೇಕು?

ಪೊಲೀಸ್ ಮತ್ತು ಅಗ್ನಿಶಾಮಕದ ವಿಎಚ್‌ಎಫ್ ಜಾಲಗಳನ್ನು ರೇಡಿಯೊ ಮಾತನ್ನು ನೆಟ್‌ವರ್ಕ್‌ಗೆ ದಾಟಿಸುವ ರೇಡಿಯೊ–ಐಪಿ ಗೇಟ್‌ವೇ ಮೂಲಕ, ಎರಡೂ ಇಲಾಖೆಯ ಲಿಖಿತ ಒಪ್ಪಿಗೆ ಪಡೆದು ಜೋಡಿಸಬಹುದು. ಸೆಟ್‌ನಲ್ಲಿ ಮಾತು ಕೇಳುತ್ತದೆ, ನಮ್ಮದು ರಿಪೀಟರ್ (ಸಂಕೇತವನ್ನು ಮತ್ತೆ ಪ್ರಸಾರ ಮಾಡುವ ಸಾಧನ) ದಾಟುವುದಿಲ್ಲ ಎಂದರೆ ಮೊದಲು ಅದನ್ನು ತೆರೆಯುವ ಸಿಟಿಸಿಎಸ್‌ಎಸ್ ಟೋನ್ ನೋಡಿ. ಧ್ವನಿ ಕ್ಷೀಣವಾಗಿದ್ದರೆ ಒಂದು ಸೆಟ್ 12.5, ಇನ್ನೊಂದು 25 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು.

ಸೇನೆಯ ಗುಪ್ತ ಜಾಲವನ್ನು ಮಾತ್ರ ಈ ರೂಟರ್‌ಗೆ ಮುಟ್ಟಿಸಲೇಬಾರದು. ಸೇನೆಯ ಸಂಪರ್ಕಾಧಿಕಾರಿ ನಿಯಂತ್ರಣ ಕೊಠಡಿಯಲ್ಲೇ ತಮ್ಮ ಸೆಟ್ ಜೊತೆ ಕೂರಲಿ, ಮಧ್ಯೆ ಮುದ್ರಿತ ಸಂದೇಶ ಫಾರ್ಮ್ ಓಡಾಡಲಿ. ಫ್ಲ್ಯಾಶ್, ಇಮ್ಮೀಡಿಯಟ್, ಪ್ರಯಾರಿಟಿ, ರೂಟೀನ್ ಎಂಬ ನಾಲ್ಕು ತುರ್ತಿನ ದರ್ಜೆಗಳನ್ನು ನಾಗರಿಕ ಫಾರ್ಮ್‌ಗೂ ತೆಗೆದುಕೊಳ್ಳಿ. ಎಲ್ಲರೂ ಎಲ್ಲದಕ್ಕೂ ಫ್ಲ್ಯಾಶ್ ಬರೆಯತೊಡಗಿದರೆ ದರ್ಜೆಗೆ ಅರ್ಥ ಉಳಿಯದು. ಫ್ಲ್ಯಾಶ್ ದರ್ಜೆ ಕೊಡುವ ಅಧಿಕಾರ ಪಾಳಿಗೆ ಒಬ್ಬರಿಗೇ ಇರಲಿ, ಅವರ ಹೆಸರು ಗೋಡೆಯ ಮೇಲಿರಲಿ.

ಮೇ ಕೊನೆಯ ವಾರ ಒಂದು ಅಣಕು: ಲಿಂಕ್ ಮೇಲೆ ದೊಡ್ಡ ಫೈಲ್ ಬಿಟ್ಟು, ಅದೇ ಹೊತ್ತಿಗೆ ಎಂಟು ಕರೆ ಹಚ್ಚಿ. ಒಂದು ಕರೆಯ ಮಾತು ತುಂಡಾದರೂ ಧ್ವನಿಯ ಸಾಲನ್ನು ಮತ್ತೆ ಹೊಂದಿಸಿ. ಆಮೇಲೆ ಮೇನ್ ಸ್ವಿಚ್ ಇಳಿಸಿ, ಬ್ಯಾಟರಿ ಎಷ್ಟು ಗಂಟೆ ತಾಳುತ್ತದೆ ಎಂದು ಬರೆದುಕೊಳ್ಳಿ.